ಜ್ವರಕ್ಕೆ ಕಾಯುವವರ ಊರಿನಲ್ಲಿ

ಮುಂಬಯಿಯಲ್ಲಿ ಇಷ್ಟು ದಿನ ಇದ್ದು ಬಂದವಳು ಎಂದ ಕೂಡಲೇ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳಿದ್ದು ಒಂದೇ: "ಸಮುದ್ರ ಹೆಂಗಿತ್ರಿ?" ನೋಡಲಿಲ್ಲ ಎಂದೆ. ಯಾರೂ ನಂಬಲಿಲ್ಲ. ಸಮುದ್ರ ನೋಡದೆ ಮುಂಬಯಿಯಿಂದ ಬರುವುದೆಂದರೆ ಮದುವೆಗೆ ಹೋಗಿ ಉಣ್ಣದೆ ಬಂದ ಹಾಗಂತೆ. ನಾನು ನೋಡಿದ್ದು ಲೋಕಲ್ ಟ್ರೇನು, ಒಂದು ಮೆಸ್ಸು, ಆಸ್ಪತ್ರೆಯ ಒಂದು ಮಹಡಿ, ಮತ್ತು ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಚೀಲದಲ್ಲಿ ನನ್ನ ತಮ್ಮನ ರಕ್ತಕಣಗಳು. ಅಷ್ಟರದ್ದೇ ಈ ಕಥನ.

ನನಗೆ ಮುಂಬಯಿ ಪರದೇಶವೇ. ಪಾಸ್‌ಪೋರ್ಟ್ ಕೇಳದ ಊರನ್ನು ಪರದೇಶ ಅನ್ನುತ್ತಾಳಲ್ಲ ಎಂದು ನಗಬೇಡಿ. ನಮ್ಮ ಮನೆಯವರು ಯಾರೂ ಗದಗ ಬಿಟ್ಟು ಹುಬ್ಬಳ್ಳಿಯ ಆಚೆ ಹೋದವರಲ್ಲ. ಅಪ್ಪ ಎಪಿಎಂಸಿಯಲ್ಲಿ ಹಮಾಲಿ. ಅವ್ವ ಮೆಣಸಿನಕಾಯಿ ಅಂಗಡಿಯಲ್ಲಿ ತೊಟ್ಟು ಬಿಡಿಸುತ್ತಾಳೆ. ನಾನೂ ಬಿಡಿಸಿದ್ದೇನೆ; ಬೆರಳು ಉರಿಯುತ್ತಿರುವಾಗಲೇ ಪೆನ್ನು ಹಿಡಿದು ಬಿ.ಎಸ್ಸಿ. ಮುಗಿಸಿದೆ, ಆಮೇಲೆ ಬಿ.ಎಡ್. ನಮ್ಮ ಓಣಿಯಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾರೂ ಪುಕ್ಕಟೆ ಕೊಟ್ಟಿದ್ದಲ್ಲ ಅದು.

ಈಗ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಬಿಳಿ ರಕ್ತಕಣಗಳು ದೇಹವನ್ನು ಕಾಯುತ್ತವೆ ಎಂದು ಪ್ರತಿವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ತಮ್ಮ ಹಣಮಂತನಿಗೆ ಆ ಬಿಳಿಕಣಗಳೇ ಕೆಟ್ಟವು. ಲ್ಯುಕೇಮಿಯಾ. ಹುಬ್ಬಳ್ಳಿಯಲ್ಲಿ ಕೀಮೊ ಕೊಟ್ಟರು, ಹೋಯಿತು ಎಂದರು, ಮರಳಿ ಬಂತು. ಮತ್ತೆ ಕೊಟ್ಟರು, ಮತ್ತೆ ಬಂತು. "ನಮ್ಮ ಕಡೆ ಇನ್ನೇನೂ ಉಳಿದಿಲ್ಲಮ್ಮ" ಎಂದ ಅಲ್ಲಿಯ ಡಾಕ್ಟರೇ, ಮುಂಬಯಿಯಲ್ಲಿ ಒಂದು ಹೊಸ ಚಿಕಿತ್ಸೆಯನ್ನು ಸಣ್ಣ ವಯಸ್ಸಿನವರ ಮೇಲೆ ಪರೀಕ್ಷೆ ಮಾಡುತ್ತಿದ್ದಾರೆ, ಹೋಗಿ ಕೇಳಿ ನೋಡಿ ಎಂದರು. ಹಣಮಂತನಿಗೆ ಆಗಷ್ಟೇ ಹದಿನೆಂಟು ತುಂಬಿತ್ತು. ಅವನು, ಅವ್ವ, ನಾನು ಹೊರಟೆವು. ಅಪ್ಪ ದುಡಿಯಲು ಊರಲ್ಲೇ ಉಳಿದ.

ದಾದರ್

ನಾವು ಇಳಿದುಕೊಳ್ಳಬೇಕಿದ್ದ ಮಾಟುಂಗ ದಾದರಿನಿಂದ ಒಂದೇ ಸ್ಟೇಷನ್ ಎಂದು ಗೊತ್ತಿತ್ತು. ಎದುರಿಗೆ ಬಂದ ಲೋಕಲ್ ಹತ್ತಿದೆವು. ಹತ್ತಿದೆವು ಎನ್ನುವುದು ಸುಳ್ಳು, ಹಿಂದಿನವರು ನಮ್ಮನ್ನು ಹತ್ತಿಸಿದರು. ಕಿಟಕಿಯಾಚೆ ಮಾಟುಂಗ ಎಂಬ ಬೋರ್ಡು ಬಂತು, ಹಿಂದೆ ಹೋಯಿತು. ಗಾಡಿ ನಿಲ್ಲಲಿಲ್ಲ.

"ಸವಿ, ಊರು ಹೋತಲ್ಲೇ!" ಎಂದು ಅವ್ವ ಚೀರಿದಳು. ಬೋಗಿಯಲ್ಲಿದ್ದ ಹೆಂಗಸರೆಲ್ಲ ನಕ್ಕರು. "ಫಾಸ್ಟ್ ಹೈ, ಫಾಸ್ಟ್" ಎಂದರು. ಗಾಡಿಗಳಲ್ಲಿ ಫಾಸ್ಟು, ಸ್ಲೋ ಎಂದು ಎರಡು ಜಾತಿ ಇವೆಯೆಂದು ಬಿ.ಎಸ್ಸಿ.ಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಕುರ್ಲಾದಲ್ಲಿ ಇಳಿದೆವು.

ಪ್ಲಾಟ್‌ಫಾರ್ಮಿನಲ್ಲಿದ್ದ ಹೆಣ್ಣು ಪೊಲೀಸು ಹಣಮಂತನ ಬೋಳು ತಲೆ, ಮಾಸ್ಕು ನೋಡಿ ಏನೂ ಕೇಳದೆ ಅವನ ರಟ್ಟೆ ಹಿಡಿದು ಬೇರೆ ಕಡೆ ನಿಲ್ಲಿಸಿದಳು. ಅಲ್ಲಿ ನಿಲ್ಲುವ ಸಣ್ಣ ಬೋಗಿ ಅಂಗವಿಕಲರಿಗೆ ಮತ್ತು ಕ್ಯಾನ್ಸರ್ ಪೇಷಂಟುಗಳಿಗೆ ಎಂದು ಮೀಸಲು. ಇಂಥದ್ದೊಂದು ಇರುತ್ತದೆಂದೇ ನನಗೆ ಗೊತ್ತಿರಲಿಲ್ಲ.

ಒಳಗೆ ಹೋದರೆ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡ ಹಿರಿಯರೊಬ್ಬರು ಸರಿದು ಜಾಗ ಕೊಟ್ಟರು. ಕೊಟ್ಟವರೇ ತಮ್ಮನನ್ನು ಕೇಳಿದರು: "ಕೌನ್ಸಾ?"

ನಿನ್ನದು ಯಾವ ಕ್ಯಾನ್ಸರ್ ಎಂದು. ನಮ್ಮ ಕಡೆ ರೈಲಿನಲ್ಲಿ ಯಾವೂರು ಎಂದು ಕೇಳುತ್ತೇವಲ್ಲ, ಅದೇ ದನಿ. ಹಣಮಂತ ನನ್ನ ಮುಖ ನೋಡಿದ. ಊರಲ್ಲಿ ಆ ಶಬ್ದವನ್ನು ನಾವು ಬಾಯಲ್ಲಿ ಆಡುವುದಿಲ್ಲ. 'ದೊಡ್ಡ ಬ್ಯಾನಿ' ಎನ್ನುತ್ತಾರೆ, ಅದೂ ದನಿ ತಗ್ಗಿಸಿ. ಓಣಿಯಲ್ಲೆಲ್ಲ ಅವ್ವ ಹುಡುಗನಿಗೆ ರಕ್ತ ಕಡಿಮೆ ಎಂದೇ ಹೇಳಿಕೊಂಡು ಬಂದಿದ್ದಳು.

"ಬ್ಲಡ್" ಎಂದ ಹಣಮಂತ.

"ಅಚ್ಛಾ, ಬ್ಲಡ್‌ವಾಲಾ. ಬೈಠೋ ಬೇಟಾ, ಆರಾಮ್ ಸೆ." ಮುದುಕರು ತಮ್ಮ ಗಂಟಲು ತೋರಿಸಿದರು. ಎದುರಿಗಿದ್ದ ಹೆಂಗಸು ಬಟಾಣಿ ಬಿಡಿಸುತ್ತಲೇ ತನ್ನದು ಎದೆಯದು, ಆಪರೇಷನ್ ಆಗಿದೆ, ಆಫೀಸಿಗೂ ಹೋಗುತ್ತೇನೆ ಎಂದಳು. ಮಗ ಕಾಲೇಜಿಗೆ ಹೋಗುತ್ತಾನೆ ಅನ್ನುವಷ್ಟೇ ಸಲೀಸಾಗಿ.

ಹಣಮಂತ ನನ್ನ ಕಿವಿಯ ಹತ್ತಿರ ಬಗ್ಗಿದ. "ಅಕ್ಕಾ, ಈ ಊರಾಗ ನಮ್ಮ ಮಂದಿ ಭಾಳ ಅದಾರ." ಎಷ್ಟೋ ದಿನದ ಮೇಲೆ ಅವನ ಮಾತಿನಲ್ಲಿ ನಗು ಇತ್ತು.

ಮಾಟುಂಗ

ನಮಗೆ ಇಳಿದುಕೊಳ್ಳಲು ಕೋಣೆ ಕೊಟ್ಟವರು ರಾಜೀವಣ್ಣ. ಕಾರ್ಕಳದ ಕಡೆಯವರು, ಹುಡುಗರಾಗಿದ್ದಾಗ ಬಂದು ಈಗ ಒಂದು ಸಣ್ಣ ಮೆಸ್ ನಡೆಸುತ್ತಾರೆ. ಮೆಸ್ಸಿನ ಮೇಲಿನ ಕೋಣೆಯನ್ನು ಊರಿಂದ ಆಸ್ಪತ್ರೆಗೆ ಬಂದ ಕನ್ನಡದವರಿಗೆ ಬಿಟ್ಟಿದ್ದಾರೆ.

"ಬನ್ನಿ ಟೀಚರ್, ಬನ್ನಿ. ಹುಡುಗನಿಗೆ ಹಸಿಯದ್ದು ಎಂತದೂ ಆಗ್ಲಿಕ್ಕಿಲ್ಲ ಅಲ್ವಾ? ಗೊತ್ತುಂಟು ನನಗೆ. ಬಿಸಿ ಗಂಜಿ ಮಾಡಿ ಕೊಡುವ, ಮೇಲಿಂದ ಒಂಚೂರು ತುಪ್ಪ."

ಅವ್ವ ನನ್ನ ಸೆರಗು ಜಗ್ಗಿದಳು. "ಇವ್ರು ಮಾತಾಡೋದು ಕನ್ನಡನ ಹೌದನ?"

ರಾಜೀವಣ್ಣನಿಗೆ ಕೇಳಿಸಿತು. "ನಿಮ್ಮದು ಕನ್ನಡವಾದ್ರೆ ನಮ್ಮದೂ ಕನ್ನಡವೇ ಅಮ್ಮ. ಮನೇಲಿ ತುಳು, ಗಲ್ಲಾಪೆಟ್ಟಿಗೆ ಹತ್ರ ಹಿಂದಿ, ಮೀನಿನವಳ ಹತ್ರ ಮರಾಠಿ. ಕನ್ನಡ ನಿಮ್ಮಂಥವರು ಬಂದಾಗ ಮಾತ್ರ. ಅದಕ್ಕೆ ಸ್ವಲ್ಪ ಜಂಗು ಹಿಡ್ದಿದೆ."

ಅವ್ವನಿಗೆ ಗಂಜಿ ಒಗ್ಗಲಿಲ್ಲ. ಅನ್ನವನ್ನೇ ನೀರಾಗಿ ಕುಡಿದರೆ ಊಟ ಎನಿಸುವುದು ಹೇಗೆ? ಮರುದಿನವೇ ಅವರ ಅಡುಗೆಮನೆಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಆ ಸದ್ದಿಗೆ ಮೆಸ್ಸಿನ ಗಿರಾಕಿಗಳು ಊಟ ಬಿಟ್ಟು ಒಳಗೆ ಇಣುಕಿದರು. ಒಂದು ವಾರದಲ್ಲಿ ಮೂವರು ಕಾಯಂ ಗಿರಾಕಿಗಳು ಚಪಾತಿ ಬೇಡ, 'ವೋ ಆವಾಜ್‌ವಾಲಾ', ಆ ಸದ್ದಿನ ರೊಟ್ಟಿ, ಬೇಕು ಎನ್ನತೊಡಗಿದರಂತೆ.

ರಾಜೀವಣ್ಣನ ಮಗಳು ಪ್ರತೀಕ್ಷಾ ಪಾರ್ಲೆಯಲ್ಲಿ ಕಾಲೇಜು ಓದುತ್ತಾಳೆ. ಕನ್ನಡ ಅರ್ಥವಾಗುತ್ತದೆ, ಆಡುವಾಗ ಎಡವುತ್ತಾಳೆ. ಲೋಕಲ್ ಹತ್ತುವುದನ್ನು ನಮಗೆ ಕಲಿಸಿದವಳು ಅವಳೇ. "ಅಕ್ಕ, ಸುನೋ. ನೀವು ತುಂಬ... ಸೋಚ್ತಾ ಇದ್ದೀರಿ. ಸೋಚನೇ ಕಾ ನಹೀ. ಕಾಲು ಇಡೋದು, ಬಸ್." ಅವಳಿಗಿಂತ ಹತ್ತು ವರ್ಷ ದೊಡ್ಡವಳು ನಾನು, ಶಿಕ್ಷಕಿ ಬೇರೆ. ಯೋಚಿಸದೆ ಕಾಲಿಡುವುದನ್ನು ಕಲಿತುಕೊಂಡೆ.

ಆಸ್ಪತ್ರೆ, ಸಹಿಗೆ ಮುಂಚೆ

ಆಸ್ಪತ್ರೆ ಮುಲುಂಡಿನ ಕಡೆ. ಅಲ್ಲಿ ನಮ್ಮನ್ನು ನೋಡಿದವರು ಮೃಣಾಲ್ ಮೇಡಂ, ಮರಾಠಿಯವರು, ನನಗಿಂತ ತುಸು ದೊಡ್ಡವರಿರಬೇಕು. ಹಿಂದಿ, ಇಂಗ್ಲಿಷ್ ಎರಡನ್ನೂ ನಿಧಾನವಾಗಿ ಆಡುತ್ತಿದ್ದರು. ನಾನು ಅದನ್ನು ಅವ್ವನಿಗೆ ಕನ್ನಡದಲ್ಲಿ ಹೇಳುತ್ತಿದ್ದೆ.

ಊರಲ್ಲಿ ಡಾಕ್ಟರ ಮುಂದೆ ನಮ್ಮವರದು ಒಂದೇ ಪದ್ಧತಿ. ಕೈ ಮುಗಿಯುವುದು, ನೀವು ಹೆಂಗ ಹೇಳ್ತೀರಿ ಹಂಗರಿ ಎನ್ನುವುದು, ತೋರಿಸಿದಲ್ಲಿ ಸಹಿ. ಪ್ರಶ್ನೆ ಕೇಳಿದರೆ ಅವರ ಮೇಲೆ ನಂಬಿಕೆ ಇಲ್ಲ ಎಂದ ಹಾಗಾಗುತ್ತದೆ. ಅವ್ವ ಕೈ ಮುಗಿದಳು. ಮೇಡಂ ಕಾಗದವನ್ನು ತಮ್ಮ ಕಡೆಗೇ ಎಳೆದುಕೊಂಡರು.

"ಪ್ರಶ್ನೆ ಕೇಳದೆ ನಾನು ಸಹಿ ತಗೊಳ್ಳುವುದಿಲ್ಲ. ಇದು ಪರೀಕ್ಷೆ. ಆಗಬಹುದು, ಆಗದೇ ಇರಬಹುದು, ಜೀವಕ್ಕೆ ತೊಂದರೆಯೂ ಆಗಬಹುದು. ಇವನಿಗೆ ಹದಿನೆಂಟಾಗಿದೆ, ಒಪ್ಪುವುದು ಬಿಡುವುದು ಇವನೇ. ಕೇಳು ಬೇಟಾ, ಏನು ಕೇಳಬೇಕೋ."

ಹಣಮಂತ ಬಹಳ ಹೊತ್ತು ಟೇಬಲ್ಲಿನ ಅಂಚು ಸವರಿದ. "ಒಳಗ ಹಾಕೋ ಆ ಕಣ ನನ್ನವೋ, ಬ್ಯಾರೇದವ್ರವೋ?"

ನಿನ್ನವೇ ಎಂದರು ಮೇಡಂ. ನಿನ್ನ ರಕ್ತದಿಂದ ತೆಗೆದು, ಲ್ಯಾಬಿನಲ್ಲಿ ಅವಕ್ಕೆ ಒಂದು ಹೊಸ ಗುಣ ಸೇರಿಸಿ, ಬೆಳೆಸಿ, ನಿನಗೇ ಕೊಡುತ್ತೇವೆ.

ಅವ್ವನಿಗೆ ಇದು ಹತ್ತಲಿಲ್ಲ. ನಾನು ಎಪಿಎಂಸಿಯ ಲೆಕ್ಕದಲ್ಲಿ ಹೇಳಿದೆ. "ಅವ್ವಾ, ಅಡತಿ ಅಂಗಡಿಯವ್ರು ಚೀಲದ ಮ್ಯಾಲೆ ಗುರುತು ಬರೀತಾರಲ್ಲ? ಹಮಾಲ್ರು ಅದನ್ನ ನೋಡಿ ಯಾವ ಚೀಲ ಎತ್ತಬೇಕು ಅಂತ ತಿಳ್ಕೊಂತಾರ. ಕೆಟ್ಟ ಕಣಕ್ಕೂ ಮ್ಯಾಲೆ ಒಂದು ಗುರುತೈತಿ. ಹಣಮ್ಯಾನ ಕಾವಲಿನ ಕಣಕ್ಕ ಆ ಗುರುತು ಕಾಣವಲ್ದು, ಪಕ್ಕದಾಗ ಹಾದು ಹೊಂಟಾವ. ಲ್ಯಾಬಿನಾಗ ಅವಕ್ಕ ಆ ಗುರುತು ಹಿಡಿಯೂದು ಕಲಿಸ್ತಾರ."

ಅವ್ವ ಯೋಚಿಸಿದಳು. "ಅದ ಗುರುತು ಛಲೋ ಚೀಲದ ಮ್ಯಾಗೂ ಇದ್ರ?"

ಮೇಡಮ್ಮಿಗೆ ಅನುವಾದಿಸಿದೆ. ಅವರು ಕುರ್ಚಿಯಲ್ಲಿ ಮುಂದೆ ಬಂದು ಕೂತರು. "ಇದ್ದೇ ಇದೆ. ಕೆಲವು ಒಳ್ಳೆಯ ಕಣಗಳ ಮೇಲೂ ಅದೇ ಗುರುತಿದೆ, ಅವೂ ಹೋಗುತ್ತವೆ. ಅದಕ್ಕೇ ಆಮೇಲೆ ಬಹಳ ದಿನ ಸೋಂಕಿನ ಭಯ ಇರುತ್ತದೆ. ಸರಿಯಾಗಿ ಕೇಳಿದರು."

ಅವ್ವನ ಮುಖದಲ್ಲಿ ಒಂದು ಗತ್ತು ಬಂತು. ಹಣಮಂತ ಸಹಿ ಮಾಡಿದ. ನಮ್ಮ ಮನೆಯ ಗಂಡಸರಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದವನು ಅವನೊಬ್ಬನೇ. ಅಕ್ಷರ ದುಂಡಗಿದ್ದವು. ನಾನೇ ತಿದ್ದಿಸಿದ್ದು.

ಮುಲುಂಡ್

ಆಸ್ಪತ್ರೆಯ ಹತ್ತಿರವೇ ಇರಬೇಕೆಂದು ಹೇಳಿದ್ದರಿಂದ ರಾಜೀವಣ್ಣ ಪರಿಚಯದವರ ಒಂದು ಕೋಣೆಯ ಮನೆ ಮಾಡಿಕೊಟ್ಟರು. ನಾಲ್ಕನೇ ಮಹಡಿ, ಹೌಸಿಂಗ್ ಸೊಸೈಟಿ. ಪ್ರತಿ ಮನೆಗೂ ಎರಡೆರಡು ಬಾಗಿಲು, ಒಂದು ಕಬ್ಬಿಣದ್ದು, ಒಂದು ಕಟ್ಟಿಗೆಯದು, ಎರಡೂ ಮುಚ್ಚಿಯೇ ಇರುತ್ತವೆ. ನಮ್ಮ ಓಣಿಯಲ್ಲಿ ಒಂದು ಕೂಸು ಸೀನಿದರೆ ಹತ್ತು ಮನೆಯವರು ಕಷಾಯ ಹೇಳುತ್ತಾರೆ. ಇಲ್ಲಿ ಯಾರಿಗೂ ಏನೂ ಬೇಕಿಲ್ಲ ಎಂದುಕೊಂಡೆ.

ಎಲ್ಲರೂ ಕಾಕು ಎಂದು ಕರೆಯುವ ಎದುರು ಮನೆಯ ಮರಾಠಿ ಹೆಂಗಸು ಸಂಜೆಯಾದರೆ ಮೆಣಸಿನಕಾಯಿ ಒಗ್ಗರಣೆ ಹಾಕುತ್ತಿದ್ದರು. ಕೀಮೊ ತಗೊಂಡವನಿಗೆ ಆ ಘಾಟು ಬಂದರೆ ಸಾಕು, ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ. ಒಂದು ಸಂಜೆ ಅವನು ಮೋರಿಯ ಹತ್ತಿರ ಕೂತು ವಾಂತಿ ಮಾಡುವಾಗ ಎದುರಿನ ಕಟ್ಟಿಗೆ ಬಾಗಿಲು ಸ್ವಲ್ಪ ತೆರೆಯಿತು, ಮುಚ್ಚಿತು. ಮರುದಿನದಿಂದ ಒಗ್ಗರಣೆಯ ವಾಸನೆ ಇಲ್ಲ. ಆಮೇಲೆ ತಿಳಿಯಿತು, ಕಾಕು ಒಗ್ಗರಣೆಯ ಪಾತ್ರೆ ಹಿಡಿದು ಮೂರನೇ ಮಹಡಿಯ ನಾದಿನಿಯ ಮನೆಗೆ ಇಳಿದು ಹೋಗುತ್ತಿದ್ದರು. ನಾವು ಅಲ್ಲಿದ್ದಷ್ಟೂ ದಿನ ಹಾಗೇ ಮಾಡಿದರು. ಮಾತು ಮಾತ್ರ ಒಂದೂ ಆಡಲಿಲ್ಲ. ಲಿಫ್ಟಿನಲ್ಲಿ ಸಿಕ್ಕಾಗ ನಾನು ಕೈ ಮುಗಿದರೆ ತಲೆ ಆಡಿಸಿ ಅಂಕಿಗಳನ್ನು ನೋಡುತ್ತಿದ್ದರು.

ರಕ್ತದಿಂದ ಕಣ ತೆಗೆಯುವ ದಿನ ನಾವು ನಸುಕಿನಲ್ಲೇ ಎದ್ದು ಹೋದೆವು. ಹಣಮಂತನ ಮೈ ಬೆಚ್ಚಗಿತ್ತು. ನೋಡಿದವರೇ ವಾಪಸು ಕಳಿಸಿದರು: ಜ್ವರ ಇಳಿಯಲಿ, ಆಮೇಲೆ ಬನ್ನಿ. ಅದೇ ಪಡಸಾಲೆಯಲ್ಲಿ ಒಬ್ಬ ತಂದೆ ಬ್ಯಾಗು ಕಟ್ಟುತ್ತಿದ್ದ. ಅವನ ಮಗಳಿಗೆ ಪದೇ ಪದೇ ಜ್ವರ ಬಂದು ದಿನ ಮುಂದೆ ಮುಂದೆ ಹೋಗಿ, ಅಷ್ಟರಲ್ಲಿ ರೋಗ ಹೆಚ್ಚಾಗಿ, ಈ ಪರೀಕ್ಷೆಯಿಂದ ಅವಳನ್ನು ಬಿಟ್ಟಿದ್ದರು. ಹುಡುಗಿ ಗೋಡೆಗೆ ಒರಗಿ ಕೂತಿದ್ದಳು, ಕೈಗೆ ಗೋರಂಟಿ ಹಚ್ಚಿತ್ತು. ಅವ್ವನಿಗೆ ಹಿಂದಿ ಬಾರದು. ಜ್ವರಕ್ಕೆ ಅನ್ನುವ 'ಬುಖಾರ್' ಒಂದು ಶಬ್ದ ಅಷ್ಟರಲ್ಲಿ ಬಂದಿತ್ತು. ಅವಳು ಆ ಬ್ಯಾಗನ್ನೂ ಹುಡುಗಿಯನ್ನೂ ನೋಡುತ್ತಲೇ ಇದ್ದಳು.

ನಮಗೆ ಮುಂದಿನ ವಾರ ಸಿಕ್ಕಿತು. ಒಂದು ಕೈಯಿಂದ ರಕ್ತ ಯಂತ್ರಕ್ಕೆ ಹೋಗುತ್ತದೆ, ಬೇಕಾದ ಬಿಳಿಕಣ ಇಟ್ಟುಕೊಂಡು ಉಳಿದದ್ದನ್ನು ಇನ್ನೊಂದು ಕೈಗೆ ಹಿಂದಿರುಗಿಸುತ್ತದೆ. ಗಂಟೆಗಟ್ಟಲೆ ನಡೆಯಿತು. ತುಟಿ ಜುಮ್ ಎನ್ನುತ್ತಿದೆ ಎಂದು ಹಣಮಂತ ಹೇಳಿದಾಗ ಕ್ಯಾಲ್ಸಿಯಂ ಕೊಟ್ಟರು. "ಹತ್ತಿ ಜಿನ್ನಿನಾಗ ಅರಳಿ, ಕಾಳು ಬ್ಯಾರೆ ಮಾಡ್ತಾರಲ್ಲ, ಹಂಗ ಐತಿ" ಎಂದಳು ಅವ್ವ. ಹೌದು, ಹತ್ತಿ ಬೇರೆ, ಬೀಜ ಬೇರೆ ಮಾಡಿದ ಹಾಗೆಯೇ ಇತ್ತು.

ಒಬ್ಬರೇ ಇರುವ ಕೋಣೆ

ಕಣಗಳು ಲ್ಯಾಬಿನಲ್ಲಿ ತಯಾರಾದವು ಎಂಬ ಸುದ್ದಿ ಬಂದ ಮೇಲೆ ಹಣಮಂತನನ್ನು ಬೇರೆ ಕೋಣೆಯಲ್ಲಿ ಇಟ್ಟರು. ಜೊತೆಗೆ ಒಬ್ಬರಿಗೆ ಮಾತ್ರ ಅವಕಾಶ. ನಾನು ಇರುತ್ತೇನೆ, ನನಗೆ ಭಾಷೆ ಬರುತ್ತದೆ ಎಂದೆ. ಅವ್ವ ಒಪ್ಪಲಿಲ್ಲ. "ಭಾಷೆ ನೀ ಹೊರಗ ನಿಂತು ಮಾತಾಡು. ಒಳಗ ನಾ ಇರ್ತೀನಿ." ನನಗೆ ಮಧ್ಯಾಹ್ನ ಸ್ವಲ್ಪ ಹೊತ್ತು ಒಳಗೆ ಬಿಡುತ್ತಿದ್ದರು.

ಚೀಲ ಬಂದ ದಿನ ನಾನೂ ಇದ್ದೆ. ದೊಡ್ಡದೇನೋ ಬರುತ್ತದೆ ಎಂದುಕೊಂಡಿದ್ದೆವು. ಹೆಪ್ಪುಗಟ್ಟಿದ ಒಂದು ಸಣ್ಣ ಚೀಲ ಬಂತು. ಬೆಚ್ಚನೆಯ ನೀರಿನಲ್ಲಿ ಕರಗಿಸಿ ಏರಿಸಿದರು. ಚಹಾ ಆರುವಷ್ಟರಲ್ಲಿ ಮುಗಿದೇ ಹೋಯಿತು.

"ಇಷ್ಟನ?" ಎಂದಳು ಅವ್ವ.

ಸ್ವಲ್ಪ ಹೊತ್ತಿಗೆ ಕೋಣೆಯಲ್ಲಿ ಒಂದು ವಾಸನೆ ತುಂಬಿತು. ಕಣಗಳನ್ನು ಕೆಡದಂತೆ ಇಡಲು ಹಾಕಿದ ದ್ರವ ಉಸಿರಿನಲ್ಲಿ ಹಾಗೆ ಬರುತ್ತದಂತೆ. ಸಿಸ್ಟರ್ ಜಿನ್ಸಿ, ಕೇರಳದವರು, ಕೆಲವರು ಬೆಳ್ಳುಳ್ಳಿ ಎನ್ನುತ್ತಾರೆ ಎಂದರು. ಹಣಮಂತ ಮೂಗು ಅರಳಿಸಿದ. "ಗ್ವಾಂಜಾಳ ಕುದಿಸಿದಂಗ ಐತಿ. ಸುಗ್ಗ್ಯಾಗ ಅಪ್ಪನ ಅಂಗಿ ಹಿಂಗ ನಾರತೈತಿ." ಗೋವಿನಜೋಳದ ಚೀಲ ಹೊತ್ತು ಬಂದ ಅಪ್ಪನ ವಾಸನೆಯನ್ನು ನೆನೆದು ಮೂವರೂ ನಕ್ಕೆವು.

ಅಂದಿನಿಂದ ಸಿಸ್ಟರ್ ಹೊತ್ತು ಹೊತ್ತಿಗೆ ಬಂದು ಕಂಕುಳಲ್ಲಿ ಥರ್ಮಾಮೀಟರ್ ಇಡುವುದು, ಬಿ.ಪಿ. ನೋಡುವುದು, ಇದು ಯಾವ ಊರು ಎಂದು ಕೇಳುವುದು, ನೂರರಿಂದ ಹತ್ತತ್ತು ಇಳಿಸಿ ಎಣಿಸು ಎನ್ನುವುದು. ಈ ಚಿಕಿತ್ಸೆಯಲ್ಲಿ ಮೆದುಳಿಗೂ ಮಂಕು ಬರಬಹುದು, ಅದಕ್ಕೆ. ಹಣಮಂತನಿಗೆ ಇದು ಆಟ. "ಸಿಸ್ಟರ್, ಇದು ಗದಗ ರೀ" ಎಂದು ಒಮ್ಮೆ ಹೇಳಿ ಅವರ ಮುಖ ಬಿಳಿಚಿದ ಮೇಲೆ "ಸುಳ್ಳ ಸುಳ್ಳ, ಮುಂಬೈ" ಎಂದು ಬೈಸಿಕೊಂಡ.

ಅವ್ವನ ಉಪಾಯ

ಕೆಲವು ದಿನಗಳ ಮೇಲಿನ ಒಂದು ಮಧ್ಯಾಹ್ನ. ಒಳಗೆ ಹೋದರೆ ಹಣಮಂತ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. "ಜ್ವರ ಏನೂ ಇಲ್ಲವಂತ" ಎಂದಳು ಅವ್ವ, ನಾನು ಕೇಳುವ ಮೊದಲೇ. ಪಾದ ಮುಟ್ಟಿದೆ. ತವಾ ಮುಟ್ಟಿದ ಹಾಗಿತ್ತು. ಕಂಕುಳು ಮಾತ್ರ ತಣ್ಣಗೆ, ಅಂಗಿ ಅಲ್ಲಿ ಒದ್ದೆ. ಅವ್ವನ ಸೆರಗಿನ ತುದಿಯೂ ಒದ್ದೆ.

"ಏನಿದು?"

ಅವ್ವ ಬಾಗಿಲ ಕಡೆ ನೋಡಿದಳು. ಎಲೆ ಅಡಿಕೆಯ ಸಂಚಿಯಲ್ಲಿ ಜ್ವರದ ಗುಳಿಗೆಯ ಪಟ್ಟಿ ಇತ್ತು, ಊರಿಂದ ತಂದಿದ್ದು. ನಿನ್ನೆಯಿಂದ ಮೈ ಕಾಯುತ್ತಿದೆ. ಸಿಸ್ಟರ್ ಬರುವ ಹೊತ್ತು ಅವಳಿಗೆ ಗೊತ್ತು. ಅದಕ್ಕೆ ಮುಂಚೆ ಗುಳಿಗೆ ಕೊಟ್ಟು, ಹಸಿ ಸೆರಗಿನಿಂದ ಕಂಕುಳು ಒರೆಸುತ್ತಿದ್ದಳು.

"ಬಾಯಿ ಮುಚ್ಚು ಸವಿ. ಆ ಗೋರಂಟಿ ಹಚ್ಚಿದ ಹುಡುಗೀನ ಹೊರಗ ಹಾಕಿದ್ದು ಯಾಕ? ಜ್ವರಕ್ಕ. ನಮ್ಮನ್ನ ಮೊದಲ ಸಲ ಹಿಂದ ಕಳಿಸಿದ್ದು ಯಾಕ? ಜ್ವರಕ್ಕ. ಈಗ ಇವ್ರಿಗೆ ಹೇಳಿದ್ರ ಸೂಜಿ ಕಿತ್ತು ಮನಿಗೆ ಕಳಸ್ತಾರ. ಮನ್ಯಾಗ ಏನೈತಿ? ಹೇಳು, ಮನ್ಯಾಗ ಏನೈತಿ?"

ನಾನು ಹೇಳಿದೆ, ಇದು ಬೇರೆ, ಕಣ ಕೊಟ್ಟ ಮೇಲಿನ ಜ್ವರ ಬೇರೆ, ಇದನ್ನು ಮುಚ್ಚಿಟ್ಟರೆ ಅಪಾಯ.

"ನಿನಗ ಪುಸ್ತಕ ದೊಡ್ಡದು. ನನಗ ಮಗ."

"ನನಗೂ ತಮ್ಮನವ್ವಾ."

"ಹೇಳಿದಿ ಅಂದ್ರ ನನ್ನ ಹೊಟ್ಟ್ಯಾಗ ಹುಟ್ಟಿದಾಕಿ ಅಲ್ಲ ನೀ."

ಹಣಮಂತ ಇತ್ತ ತಿರುಗಿದ. ಕಣ್ಣು ಅರೆತೆರೆದಿದ್ದವು. ನೂರರಿಂದ ಇಳಿಸಿ ಎಣಿಸು ಎಂದೆ. ನೂರು ಎಂದ, ತೊಂಬತ್ತು ಎಂದ, ಎಂಬತ್ತು ಎಂದು ನಿಂತುಬಿಟ್ಟ. ನಗುವುದಕ್ಕೆ ನಿಂತಿರಬಹುದು ಎಂದು ಕಾದೆ. ನಗಲಿಲ್ಲ. ನಾನು ಹೊರಗೆ ಓಡಿದೆ.

ಸಿಸ್ಟರ್ ಜಿನ್ಸಿ ಅವ್ವನಿಗೆ ಬೈದರು. ಮಲಯಾಳ ಬೆರೆತ ಹಿಂದಿಯಲ್ಲಿ ಬೈದರೂ ಅದು ಬೈಗುಳವೇ ಎಂದು ಅವ್ವನಿಗೆ ತಿಳಿಯಿತು. ಬಿ.ಪಿ. ಇಳಿದಿತ್ತು. ರಕ್ತ ತೆಗೆದರು, ಸಲೈನು ಏರಿಸಿದರು, ಆ್ಯಂಟಿಬಯೊಟಿಕ್ ಹಾಕಿದರು, ಈ ಜ್ವರಕ್ಕೆಂದೇ ಇಟ್ಟ ಇನ್ನೊಂದು ಔಷಧ ತಂದರು. ನಮ್ಮಿಬ್ಬರನ್ನೂ ಹೊರಗೆ ಕೂರಿಸಿದರು. ಅವ್ವ ಒಂದು ಬೆಂಚು, ನಾನು ಇನ್ನೊಂದು.

ಬಹಳ ಹೊತ್ತಿನ ಮೇಲೆ ಮೃಣಾಲ್ ಮೇಡಂ ಬಂದರು. ಅವ್ವ ಎದ್ದು ನಿಂತು, ಮೇಡಂ ಹತ್ತಿರ ಬರುವ ಮೊದಲೇ ಕನ್ನಡದಲ್ಲೇ ಹೇಳಿದಳು: "ತಪ್ಪು ನಂದ್ರಿ. ಅವನ್ನ ಹೊರಗ ಹಾಕಬ್ಯಾಡ್ರಿ." ನಾನು ಅನುವಾದಿಸಿದೆ. ಗುಳಿಗೆ, ಹಸಿ ಸೆರಗು, ಗೋರಂಟಿಯ ಹುಡುಗಿ ಎಲ್ಲವನ್ನೂ ಹೇಳಿದೆ.

ಮೇಡಂ ಅವ್ವನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತರು. "ಅಮ್ಮನಿಗೆ ಹೇಳಿ. ಈ ಜ್ವರ ಬರಬಹುದು ಎಂದು ನಾವೆಲ್ಲ ಕಾಯುತ್ತಲೇ ಇದ್ದೆವು. ಕಣಗಳು ಒಳಗೆ ಹೆಚ್ಚುತ್ತಾ ಕೆಲಸಕ್ಕೆ ಇಳಿದಾಗ ಮೈ ಕಾಯುತ್ತದೆ. ಸೋಂಕಿನಿಂದಲೂ ಕಾಯಬಹುದು. ಯಾವುದು ಎಂದು ನೋಡಬೇಕಾದರೆ ನಮಗೆ ಜ್ವರ ಕಾಣಿಸಬೇಕು." ಆಮೇಲೆ ತಮಗೇ ಹೇಳಿಕೊಂಡ ಹಾಗೆ ಹೇಳಿದರು, "ಜ್ವರ ಬಂದರೆ ತಿಳಿಸಿ ಅಂತ ದಿನಾ ಹೇಳಿದೆವು. ಬಂದರೆ ಹೊರಗೆ ಹಾಕುವುದಿಲ್ಲ ಅಂತ ಒಮ್ಮೆಯೂ ಹೇಳಲಿಲ್ಲ."

ಅವ್ವ ಎಲ್ಲ ಕೇಳಿಸಿಕೊಂಡಳು. "ಜ್ವರಕ್ಕ ಕಾಯೂ ಡಾಕ್ಟರನ್ನ ನಾ ಎಲ್ಲೂ ನೋಡಿಲ್ಲ" ಎಂದಳು. ಇದನ್ನೂ ಅನುವಾದಿಸಿದೆ. ಮೇಡಂ ನಕ್ಕರು. ಅವ್ವ ನಗಲಿಲ್ಲ, ಸಂಚಿ ಬಿಚ್ಚಿ ಗುಳಿಗೆಯ ಪಟ್ಟಿಯನ್ನು ಅವರ ಕೈಯಲ್ಲಿ ಇಟ್ಟಳು.

ಎರಡು ದಿನ ಹಣಮಂತ ಮಂಕಾಗಿಯೇ ಇದ್ದ. ಮುಂಬಯಿ ಎನ್ನುವುದಕ್ಕೆ ಹುಡುಕಾಡಬೇಕಾಗುತ್ತಿತ್ತು. ಆ ಎರಡು ದಿನ ಅವ್ವ ನನ್ನೊಡನೆ ಮಾತಾಡಲಿಲ್ಲ. ಒಳಗೆ ನಾನೇ ಇರಬೇಕೆಂದು ಸಿಸ್ಟರ್ ಹೇಳಿದ್ದರು. ಅವ್ವ ಮುಲುಂಡಿನ ಕೋಣೆಯಿಂದ ಡಬ್ಬಿ ತಂದು ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದಳು. ನನ್ನ ಡಬ್ಬಿಯಲ್ಲಿ ಶೇಂಗಾ ಚಟ್ನಿ ಇರುತ್ತಿತ್ತು, ಅದೂ ನನಗೆ ಬೇಕಾದ ಹಾಗೆ ಕೆಂಪಗೆ. ಸಿಟ್ಟಿನಲ್ಲಿದ್ದಾಗಲೂ ಚಟ್ನಿ ಸಪ್ಪೆ ಮಾಡುವವಳಲ್ಲ ಅವಳು.

ಮೂರನೆಯ ದಿನ ಬೆಳಿಗ್ಗೆ ಸಿಸ್ಟರ್ ಬಂದು ಇದು ಯಾವ ಊರು ಎಂದರು. ಹಣಮಂತ ಅವರನ್ನೇ ದಿಟ್ಟಿಸಿ, "ಗದಗ" ಎಂದ. ಸಿಸ್ಟರ್ ಪೆನ್ನು ಎತ್ತಿದ ಕೈ ಅಲ್ಲೇ ನಿಂತಿತು. ಅವನ ತುಟಿ ಓರೆಯಾಯಿತು. "ಮುಂಬೈ ರೀ, ಮುಂಬೈ. ನಗ್ರಿ ಒಂಚೂರು." ಸಿಸ್ಟರ್ ರಟ್ಟೆಗೆ ಒಂದು ಏಟು ಕೊಟ್ಟು, ಅವನು ಕಾಣದ ಹಾಗೆ ಕಣ್ಣು ಒರೆಸಿಕೊಂಡರು. ನಾನು ಹೊರಗೆ ಬಂದು ಅವ್ವನಿಗೆ ಹೇಳಿದೆ. ಅವಳು ಬೆಂಚಿನ ಮೇಲೆ ಸರಿದು ನನಗೆ ಜಾಗ ಮಾಡಿದಳು.

ಮತ್ತೆ ಅದೇ ಮಹಡಿ

ಬಿಡುಗಡೆಯಾದ ಮೇಲೂ ಮುಲುಂಡಿನಲ್ಲೇ ಉಳಿದೆವು. ಹಣಮಂತ ಕಿಟಕಿಯ ಬಳಿ ಕೂತು ಯಾವ ಗಾಡಿ ಫಾಸ್ಟು, ಯಾವುದು ಸ್ಲೋ ಎಂದು ಸದ್ದಿನಲ್ಲೇ ಹೇಳುವುದು ಕಲಿತ. ಅವ್ವ ದಿನಕ್ಕೆ ಹತ್ತು ಸಲ ಥರ್ಮಾಮೀಟರ್ ಇಟ್ಟು, ಅಂಕಿಯನ್ನು ನನ್ನಿಂದ ಓದಿಸಿ, ಏನೂ ಇಲ್ಲದಿದ್ದರೂ ಆಸ್ಪತ್ರೆಗೆ ಫೋನು ಮಾಡು ಎಂದು ಜೀವ ತಿನ್ನುತ್ತಿದ್ದಳು. ಗೋರಂಟಿಯ ಹುಡುಗಿ ಎಲ್ಲಿದ್ದಾಳೆ, ಹೇಗಿದ್ದಾಳೆ ಎಂದು ಕೇಳಿದೆ. ಯಾರೂ ಹೇಳುವ ಹಾಗಿರಲಿಲ್ಲ. ಈಗಲೂ ನನಗೆ ಗೊತ್ತಿಲ್ಲ.

ತಿಂಗಳಾದ ಮೇಲೆ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ಪರೀಕ್ಷೆಗೆ ಕಳಿಸಿದರು. ಕಣಗಳು ಗುರುತು ಹಿಡಿದವೋ ಇಲ್ಲವೋ ಅದರಲ್ಲಿ ತಿಳಿಯುತ್ತದೆ. ಫಲಿತಾಂಶದ ದಿನ ಅವ್ವ ಬೆಳಗಿನಿಂದ ನೀರೂ ಮುಟ್ಟಲಿಲ್ಲ.

ಮೃಣಾಲ್ ಮೇಡಂ ಕುರ್ಚಿ ಎಳೆದುಕೊಂಡು ಹಣಮಂತನ ಎದುರು ಕೂತರು, ನನ್ನ ಕಡೆ ನೋಡಲಿಲ್ಲ, ಅವನಿಗೇ ಹೇಳಿದರು. "ಲ್ಯುಕೇಮಿಯಾದ ಕಣ ಈಗ ಕಾಣುತ್ತಿಲ್ಲ. ನಮ್ಮ ಅತಿ ಸೂಕ್ಷ್ಮ ಪರೀಕ್ಷೆಗೂ ಸಿಗುತ್ತಿಲ್ಲ. ಈಗ ಎನ್ನುತ್ತೇನೆ, ಮುಂದಿನದ್ದು ನನಗೂ ಗೊತ್ತಿಲ್ಲ. ಕರೆದಾಗಲೆಲ್ಲ ಬರಬೇಕು. ಸೋಂಕಿನಿಂದ ದೂರ ಇರಬೇಕು."

"ಅಂದ್ರ ಪಾಸೋ ಫೇಲೋ?" ಎಂದ ಹಣಮಂತ.

ನಾನು ಅನುವಾದಿಸುವ ಮುಂಚೆಯೇ ಮೇಡಂ "ಪಾಸ್" ಎಂದರು.

ಅವ್ವನಿಗೆ ಆ ಶಬ್ದ ಗೊತ್ತು, ನನ್ನ ರಿಸಲ್ಟಿನ ಕಾಲದಿಂದ. ಮೇಡಮ್ಮಿನ ಎರಡೂ ಕೈ ಹಿಡಿದುಕೊಂಡಳು. ನಾನು ಪಡಸಾಲೆಗೆ ಬಂದು ಅಪ್ಪನಿಗೆ ಫೋನು ಹಚ್ಚಿದೆ. ಬಹಳ ಹೊತ್ತು ಹೊಡೆದುಕೊಂಡ ಮೇಲೆ ಯಾರೋ ಬೇರೆಯವರು ಎತ್ತಿದರು. ಹಿಂದೆ ಮಾರ್ಕೆಟ್ಟಿನ ಗದ್ದಲ.

"ಯಾರ್ರೀ? ಓ ಸವಿತಾನಾ? ತಡೀವ್ವಾ, ನಿಮ್ಮಪ್ಪ ಚೀಲ ಹೊತ್ತು ಲಾರಿ ಹತ್ರ ಹೊಂಟಾನ. ಕಿವಿಗೆ ಹಿಡೀತೀನಿ, ಹೇಳು."

ಅಪ್ಪನ ಏದುಸಿರು ಕೇಳಿಸಿತು. "ಹ್ಞಾಂ, ಹೇಳವಾ."

"ಅಪ್ಪಾ, ಈಗ ಬ್ಯಾನಿ ಕಾಣವಲ್ದಂತ. ಹಣಮ್ಯಾನ ರಕ್ತದಾಗ ಕಾಣವಲ್ದು."

ಹೆಜ್ಜೆಯ ಸದ್ದು ನಿಂತಿತು.

"ತಡಿ" ಎಂದ ಅಪ್ಪ. ಧಪ್ ಎಂದು ನೆಲಕ್ಕೆ ಚೀಲ ಬಿದ್ದ ಸದ್ದು. ದೂರದಲ್ಲಿ ಯಾರೋ, ಲಾರಿಯವನಿರಬೇಕು, ಇಲ್ಯಾಕ ಒಗದಿಯೋ ಎಂದು ಕೂಗಿದ. ಅಪ್ಪ ಫೋನನ್ನು ತಾನೇ ಕೈಗೆ ತಗೊಂಡ.

"ಈಗ ಹೇಳು, ಇನ್ನೊಮ್ಮೆ."